ಮಳೆ ಕಾಯ್ದ ಕೋಟೆಗಳು

ಮೊದಲು ಪಟ್ಟಿ

ತಮ್ಮ ಬೆಂಗಳೂರಿನಿಂದ ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿಯಲ್ಲಿ ಆಗುಂಬೆ, ಒನಕೆ ಅಬ್ಬಿ, ಬರ್ಕಣ, ಕುಂದಾದ್ರಿ, ಕವಲೇದುರ್ಗ, ಕುಂಚಿಕಲ್, ನಗರ, ಹಿಡ್ಲುಮನೆ, ಕೊಡಚಾದ್ರಿ, ಸಿಗಂದೂರು, ಜೋಗ ಎಲ್ಲ ಇದ್ದವು. ಶುಕ್ರವಾರ ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿದು ಭಾನುವಾರ ರಾತ್ರಿ ಮತ್ತೆ ರೈಲು ಹತ್ತುವುದರೊಳಗೆ ಇಷ್ಟೂ ಆಗಬೇಕು. ಜೊತೆಗೆ ಅವನ ಆಫೀಸಿನ ಇಬ್ಬರು, ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಮತ್ತು ಬೆಂಗಳೂರಲ್ಲೇ ಹುಟ್ಟಿ ಬೆಳೆದ ಒಬ್ಬಳು ಹುಡುಗಿ. ಮ್ಯಾಪಿನಲ್ಲಿ ದೂರವೆಲ್ಲ ಕೂಡಿಸಿ ನೋಡಿದ್ದಾನಂತೆ, ಸಲೀಸಾಗಿ ಆಗುತ್ತದಂತೆ. ಮ್ಯಾಪಿಗೇನು, ಅದಕ್ಕೆ ಪುಷ್ಯ ಮಳೆ ಗೊತ್ತೆ?

ಶಿವಮೊಗ್ಗದಲ್ಲೇ ಇರುವವನು ನಾನು. ಪಟ್ಟಿಗೆ ಕತ್ತರಿ ಹಾಕುವ ಕೆಲಸ ನನ್ನದಾಯಿತು. ಆಗುಂಬೆಗೆ ಜನ ಹೋಗುವುದು ಸೂರ್ಯಾಸ್ತ ನೋಡಲು, ಜುಲೈ ತಿಂಗಳಲ್ಲಿ ಅಲ್ಲಿ ಸೂರ್ಯನೇ ಇರುವುದಿಲ್ಲ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಊರದು. ಒನಕೆ ಅಬ್ಬಿ, ಬರ್ಕಣದ ಕಾಡುದಾರಿಗೆ ಅರಣ್ಯ ಇಲಾಖೆ ಈ ಹೊತ್ತಿನಲ್ಲಿ ಬಿಡುವುದು ಅಪರೂಪ, ಬಿಡದಿರುವುದೇ ಒಳ್ಳೆಯದು. ಕುಂಚಿಕಲ್ ಜಲಪಾತಕ್ಕೆ 455 ಮೀಟರ್ ಎತ್ತರ ಎಂದು ಮೊಬೈಲಿನಲ್ಲಿ ಓದಿ ತಮ್ಮ ಹಿಗ್ಗಿದ್ದ. ಅದಿರುವುದು ವಾರಾಹಿ ವಿದ್ಯುತ್ ಯೋಜನೆಯ ನಿರ್ಬಂಧಿತ ಜಾಗದಲ್ಲಿ, ಮಾಣಿ ಅಣೆಕಟ್ಟು ಆದ ಮೇಲೆ ಹರಿಯುವ ನೀರೂ ಮೊದಲಿನಷ್ಟಿಲ್ಲ. ಸಿಗಂದೂರಿಗೆ 2025ರ ಜುಲೈನಿಂದ ಹೊಸ ಸೇತುವೆ ಇದೆ, ಲಾಂಚಿಗೆ ಕಾಯುವ ಕೆಲಸ ತಪ್ಪಿದೆ, ನಿಜ. ಆದರೆ ಆ ದಿಕ್ಕಿಗೆ ತಿರುಗಿದರೆ ಒಂದು ದಿನ ಹೋಯಿತೆಂದೇ ಲೆಕ್ಕ. ಜೋಗವಂತೂ ಎಲ್ಲಿಗೂ ಓಡಿಹೋಗುವುದಿಲ್ಲ. ಲಿಂಗನಮಕ್ಕಿ 1819 ಅಡಿ ತುಂಬಿ ಗೇಟು ಎತ್ತಿದ ಮೇಲೆ ಹೋಗಿ ನೋಡಿದರೆ 253 ಮೀಟರಿನ ಬಂಡೆಯ ತುಂಬ ನೀರು. ಈಗ ಹೋದರೆ ಕಂಬಿ ಹಿಡಿದು ನಿಂತು ಬಿಳಿ ಮಂಜಿನ ಫೋಟೋ ತೆಗೆದು ಬರಬೇಕು.

ಉಳಿದದ್ದು ಕವಲೇದುರ್ಗ, ನಗರ, ಕೊಡಚಾದ್ರಿ. ದಾರಿಗೆ ಬಿದ್ದರೆ ಅಚ್ಚಕನ್ಯೆ, ದೇವಗಂಗೆ. ದಿನಕ್ಕೊಂದೇ ಜಾಗ, ಮಧ್ಯಾಹ್ನ ಮೂರರೊಳಗೆ ಗುಡ್ಡ ಇಳಿದಿರಬೇಕು, ಕತ್ತಲಲ್ಲಿ ಘಟ್ಟದ ರಸ್ತೆಯ ಮೇಲೆ ಇರಕೂಡದು. ಇದಕ್ಕೆ ಒಪ್ಪಿದರೆ ಬನ್ನಿ ಎಂದು ಬರೆದೆ. "ಅಣ್ಣಾ, ಇಷ್ಟಕ್ಕೆ ಅಲ್ಲಿಂದ ಬರಬೇಕಾ?" ಎಂದ. ಬಾ ನೋಡೋಣ ಎಂದೆ.

ಸಾಮಾನಿನ ವಿಷಯ. ಜೀನ್ಸ್ ಬೇಡ, ನೆನೆದರೆ ಮೂರು ದಿನ ಒಣಗುವುದಿಲ್ಲ, ತೊಡೆ ಉಜ್ಜಿ ಗಾಯವಾಗುತ್ತದೆ. ಛತ್ರಿ ಊರೊಳಗಿನ ಮಾತು, ಗುಡ್ಡದ ಗಾಳಿಗೆ ಅದು ಕಡ್ಡಿಗಳಾಗಿ ಹಿಂದಿರುಗುತ್ತದೆ. ಬ್ಯಾಗಿನ ಮೇಲೆ ಹೊದಿಸುವ ಕವರನ್ನು ನಂಬದೆ ಬಟ್ಟೆಯನ್ನೆಲ್ಲ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ತೋಟದ ಕೆಲಸದವರು ಹಾಕುವ ಮುಳ್ಳುಮುಳ್ಳು ಅಡಿಯ ರಬ್ಬರ್ ಶೂ ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಪಾಚಿಗಟ್ಟಿದ ಕಲ್ಲಿನ ಮೇಲೆ ದುಬಾರಿ ಶೂಗಳು ಅದರ ಮುಂದೆ ನಿಲ್ಲಲಾರವು. ಉಂಬಳಕ್ಕೆ, ಅಂದರೆ ನಮ್ಮ ಕಾಡಿನ ಜಿಗಣೆಗೆ, ಉಪ್ಪು, ಬಟ್ಟೆಯಲ್ಲಿ ಗಂಟು ಕಟ್ಟಿ. ನಗದು ಹಣ ಬೇಕೇ ಬೇಕು. ಕರೆಂಟು ಹೋದರೆ ಟವರ್ ಹೋಗುತ್ತದೆ, ಟವರ್ ಹೋದರೆ ಫೋನ್‌ಪೇ ಹೋಗುತ್ತದೆ.

ಹೊರಡುವುದೋ ಬಿಡುವುದೋ ಎಂಬುದಕ್ಕೆ ಶಿವಮೊಗ್ಗದವರಿಗೆ ನಮ್ಮದೇ ಅಳತೆಗೋಲು ಇವೆ. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯೊಳಗಿರುವ ಮಂಟಪ ಮುಳುಗಿತು ಎಂದರೆ ಮೇಲೆ ಘಟ್ಟದಲ್ಲಿ ವಿಪರೀತ ಮಳೆ ಎಂದರ್ಥ. ತೀರ್ಥಹಳ್ಳಿಯವರಿಗೆ ಅದೇ ರೀತಿ ರಾಮಮಂಟಪ. ಹವಾಮಾನ ಇಲಾಖೆಯ ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೋಡುತ್ತೇನೆ. ಅದಕ್ಕಿಂತ ಹೆಚ್ಚಾಗಿ ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಲೆಗೆ ಮಳೆ ರಜೆ ಕೊಟ್ಟರೋ ಇಲ್ಲವೋ ನೋಡುತ್ತೇನೆ. ಮಕ್ಕಳು ಹಳ್ಳ ದಾಟಬಾರದು ಎಂದು ಆಡಳಿತ ಹೇಳಿದ ದಿನ ನಾವು ದಾಟುವುದು ಎಂತಹ ಶೌರ್ಯ? ಗುರುವಾರ ಸಂಜೆ ಮಂಟಪದ ಮಾಡು, ಅರ್ಧ ಕಂಬ ಕಾಣುತ್ತಿದ್ದವು. ರಜೆಯ ಸುದ್ದಿ ಇರಲಿಲ್ಲ. ಬನ್ನಿ ಎಂದೆ.

ಶುಕ್ರವಾರ: ಕವಲೇದುರ್ಗ

ಗಾಜನೂರು ದಾಟುವವರೆಗೆ ಬರೀ ಹನಿ. ಅಣೆಕಟ್ಟಿನ ಗೇಟುಗಳಿಂದ ತುಂಗೆ ಕೆಂಪಗೆ ಧುಮುಕುತ್ತಿತ್ತು. ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿದೆವು. ಹೊಳೆ ನಡುವಿನ ಕುದುರುಗಳ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುವ ಕಾಲವಿದು. ಮರದ ಬುಡ ನೀರಲ್ಲಿ, ತಲೆ ತುಂಬ ಮರಿಗಳ ಗಲಾಟೆ. ಹುಬ್ಬಳ್ಳಿ ಹುಡುಗ ಅಲ್ಲೇ ಮೊದಲ ಸಲ ಕೇಳಿದ, "ಏನ್ರೀ ಅಣ್ಣಾರ, ಈ ಮಳಿ ನಿಲ್ಲೂದ ಇಲ್ಲೇನ್ರೀ?" ಇದಿನ್ನೂ ಶುರುವಾಗಿಲ್ಲ ಎಂದೆ. ನಕ್ಕ, ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು.

ತೀರ್ಥಹಳ್ಳಿಯಲ್ಲಿ ಬಿಸಿ ಇಡ್ಲಿ ತಿಂದು ಹೊರಟರೆ ಕವಲೇದುರ್ಗ ಹದಿನೆಂಟು ಕಿಲೋಮೀಟರಿನಷ್ಟು ದೂರ. ಊರ ಹತ್ತಿರ ತಿಮ್ಮಣ್ಣ ನಾಯಕನ ಕೆರೆ ದಂಡೆಗೆ ಬಂದು ತುಳುಕುತ್ತಿತ್ತು. ಕಾರು ಬಿಟ್ಟು ಗದ್ದೆಯ ಬದಿಯಲ್ಲಿ ನಡೆಯಬೇಕು. ನಟ್ಟಿ ನಡೆದಿತ್ತು. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರು ಬಗ್ಗಿದವರು ಬಗ್ಗಿದಂತೆಯೇ ನಮ್ಮ ಕಡೆ ನೋಡಿ, "ಮಳೆ ಬಪ್ಪ ಹೊತ್ತಿಗೇ ಬರ್ತಾರೆ ನೋಡು" ಎಂದು ತಮ್ಮ ತಮ್ಮಲ್ಲೇ ನಕ್ಕರು.

ಗದ್ದೆ ಮುಗಿದು ಕಾಡು ಹೊಕ್ಕ ಕೂಡಲೇ ಮಳೆ ಕವಿಯಿತು. ಮಳೆ ಬಂದದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಕವಲೇದುರ್ಗ ಏನೆಂದು ನನಗೆ ತಿಳಿದದ್ದು ಆ ಮಳೆಯಲ್ಲಿ. ಹಿಂದೆ ಬೇಸಿಗೆಯಲ್ಲಿ ಬಂದಾಗ ಅದೊಂದು ಪಾಳು ಕೋಟೆ. ಕಲ್ಲು, ಪೊದೆ, ಬಿಸಿಲು, ಒಂದು ದೇವಸ್ಥಾನ, ವಾಪಸ್. ಈ ಸಲ ಕಲ್ಲು ಹಾಸಿದ ದಾರಿಯ ಮೇಲೆ ನೀರು ಓಡುವುದನ್ನು ನೋಡುತ್ತಾ ಹತ್ತಿದೆ. ನೀರು ಎಲ್ಲೆಂದರಲ್ಲಿ ಓಡುತ್ತಿರಲಿಲ್ಲ. ದಾರಿಯಿಂದ ಪಕ್ಕದ ಕಾಲುವೆಗೆ, ಕಾಲುವೆಯಿಂದ ಗೋಡೆಯ ಬುಡದ ತೂಬಿಗೆ, ತೂಬಿನಿಂದ ಕೆಳಗಿನ ಹಂತದ ಕೊಳಕ್ಕೆ. ಗುಡ್ಡದ ಏರುತಗ್ಗಿಗೆ ಹೊಂದಿಕೊಂಡೇ ಒಂದರೊಳಗೊಂದು ಮೂರು ಸುತ್ತಿನ ಕೋಟೆ. ಪ್ರತಿ ಸುತ್ತಿಗೂ ಹೆಬ್ಬಾಗಿಲು, ಬಾಗಿಲ ಎರಡೂ ಕಡೆ ಕಾವಲು ಕೋಣೆ. ದೊಡ್ಡ ದೊಡ್ಡ ಕಲ್ಲಿನ ದಿಮ್ಮಿಗಳು. ಸಂದಿನಲ್ಲಿ ನೀರು ಒಸರುತ್ತದೆ, ಗೋಡೆ ಅಲುಗಿಲ್ಲ. ನಮ್ಮ ಬಡಾವಣೆಯಲ್ಲಿ ಹೋದ ವರ್ಷ ಕಟ್ಟಿದ ತಡೆಗೋಡೆ ಈ ಜೂನ್‌ನಲ್ಲೇ ಮಲಗಿದೆ, ಅದು ಬೇರೆ ಮಾತು.

ಇದಕ್ಕೆ ಹಿಂದೆ ಭುವನಗಿರಿ ದುರ್ಗ ಎಂಬ ಹೆಸರಿತ್ತು. ಇವತ್ತು ಕಾಣುವ ರೂಪ ಹೆಚ್ಚಿನಂಶ ಕೆಳದಿಯ ವೆಂಕಟಪ್ಪ ನಾಯಕನ ಕಾಲದ್ದು, ಹದಿನಾರನೆಯ ಶತಮಾನದ ಕೊನೆ, ಹದಿನೇಳರ ಆರಂಭ. ಅರಮನೆ, ಮಹತ್ತಿನ ಮಠ, ಅಗ್ರಹಾರ, ಕಣಜ, ಆನೆ ಕುದುರೆಗಳ ಲಾಯ ಎಲ್ಲ ಕಟ್ಟಿಸಿ ಊರನ್ನೇ ಮಾಡಿದ ದೊರೆ. ಅರಮನೆಯ ಮರದ ಭಾಗ ಒಂದೂ ಉಳಿದಿಲ್ಲ. ಜಗಲಿ, ಕಂಬದ ಬುಡದ ಕಲ್ಲು, ಬಚ್ಚಲ ಕಲ್ಲು, ಐದು ಪಾತ್ರೆ ಒಟ್ಟಿಗೆ ಇಡಬಹುದಾದ ಕಲ್ಲಿನ ಒಲೆ ಇವೆ. ಹುಡುಗಿ ಆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. "ಹೊಗೆ ಎಲ್ಲಿ ಹೋಗ್ತಿತ್ತು ಅಣ್ಣಾ?" ಎಂದು ಕೇಳಿದಳು. ಮಳೆಗಾಲದ ಅಡುಗೆಮನೆಯ ಬಗ್ಗೆ ಅದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ. ಉತ್ತರ ನನ್ನಲ್ಲಿ ಇರಲಿಲ್ಲ, ತಮ್ಮ ಮಾತ್ರ ಹೆಂಚಿನ ಸಂದಿನಲ್ಲಿ ಎಂದು ಧೈರ್ಯವಾಗಿ ಹೇಳಿದ.

ಕಾಶಿ ವಿಶ್ವನಾಥ ದೇವಸ್ಥಾನದ ಒಳಗೆ ಕೂತು ಬುತ್ತಿ ಬಿಚ್ಚಿದೆವು. ಮೇಲಕ್ಕೆ ಹೋದರೆ ಗದಾತೀರ್ಥ, ಭೀಮ ಗದೆಯಿಂದ ಗುದ್ದಿ ಮಾಡಿದ ಕೊಳ ಎಂದು ಜನ ಹೇಳುತ್ತಾರೆ. ತುದಿಯಲ್ಲಿ ಶ್ರೀಕಂಠೇಶ್ವರನ ಗುಡಿ. ಹೊಳವಾದ, ಅಂದರೆ ಮಳೆ ಬಿಟ್ಟ, ದಿನ ಅಲ್ಲಿಂದ ವಾರಾಹಿಯ ಹಿನ್ನೀರು ಕಾಣುತ್ತದೆ. ನಮಗೆ ನಮ್ಮ ನಮ್ಮ ಕೈ ಕಂಡಿತು, ಸಾಕು. ಕೊನೆಯ ಬಂಡೆಯ ಮೇಲೆ ಪಾಚಿ ಹೇಗಿತ್ತೆಂದರೆ ಹುಬ್ಬಳ್ಳಿ ಹುಡುಗ ಕೂತೇ ಇಳಿದ, ಪ್ಯಾಂಟು ಅಲ್ಲಿಗೆ ಮುಗಿಯಿತು.

ಉಂಬಳದ ಲೆಕ್ಕ ಯಾರೂ ಇಡಲಿಲ್ಲ. ಕಚ್ಚಿದ್ದು ಗೊತ್ತಾಗುವುದಿಲ್ಲ, ಕಾಲುಚೀಲ ಕೆಂಪಾದ ಮೇಲೆ ಗೊತ್ತಾಗುತ್ತದೆ. ಅದರ ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ವಸ್ತು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಉದುರಿದ ಮೇಲೂ ಬಹಳ ಹೊತ್ತು ಸೋರುವುದು. ಉಪ್ಪಿನ ಗಂಟು ಮುಟ್ಟಿಸಿದರೆ ಬಿಡುತ್ತದೆ, ಎಳೆದು ಕೀಳಬಾರದು. ಬೆಂಗಳೂರಿನವರು ಉಂಬಳಕ್ಕೆ ಹೆದರಿ ಮಳೆಗಾಲ ಬಿಟ್ಟು ಫೆಬ್ರವರಿ, ಮಾರ್ಚ್‌ನಲ್ಲಿ ಕಾಡಿಗೆ ಬರುತ್ತಾರೆ. ಆಗ ಉಣುಗಿನ, ಅಂದರೆ ಉಣ್ಣೆಹುಳದ, ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಆ ಉಣುಗಿನಿಂದ, ಬೇಸಿಗೆಯುದ್ದಕ್ಕೂ. ಆರಿಸಿಕೊಳ್ಳಿ ಎಂದರೆ ನಾನು ಉಂಬಳವನ್ನೇ ಆರಿಸುತ್ತೇನೆ.

ರಾತ್ರಿ ತೀರ್ಥಹಳ್ಳಿ ಹತ್ತಿರ ದೊಡ್ಡಮ್ಮನ ಮನೆ. "ಎಂತಾ ಮಾರಾಯಾ, ಈ ಮಳೆಯಲ್ಲಿ ಆ ಗುಡ್ಡದಲ್ಲಿ ಎಂತ ಉಂಟು ಅಂತ ಇವರನ್ನ ಕರ್ಕೊಂಡು ಹೋದ್ಯಾ?" ಎಂದು ಬಾಗಿಲಲ್ಲೇ ಬೈದು, ಬಚ್ಚಲಲ್ಲಿ ಹಂಡೆ ಕಾಯಿಸಿಟ್ಟಿದ್ದರು. ಸುಡುವ ನೀರು ಮೈಮೇಲೆ ಬಿದ್ದಾಗ ಹುಬ್ಬಳ್ಳಿ ಹುಡುಗ ಒಳಗಿನಿಂದಲೇ ಹಾಡಿದ. ಊಟಕ್ಕೆ ಕಳಲೆ ಪಲ್ಯ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಹಾಕಿದರೇ ಅದರ ಕಹಿ, ವಿಷದ ಅಂಶ ಹೋಗುವುದು ಎಂದು ದೊಡ್ಡಮ್ಮ ವಿವರಿಸುವಷ್ಟರಲ್ಲಿ ಪಲ್ಯ ಖಾಲಿ.

ನಾವು ಮಳೆಯ ಕಥೆ ಹೇಳುತ್ತಿದ್ದರೆ ದೊಡ್ಡಮ್ಮನ ಮಗ ಅಣ್ಣಯ್ಯ ಸುಮ್ಮನೆ ಕೇಳುತ್ತಿದ್ದ. ಅವನಿಗೆ ಬೇಕಾದದ್ದು ಮಳೆಯಲ್ಲ, ಒಂದು ದಿನದ ಹೊಳ. ಅಡಿಕೆಗೆ ಕೊಳೆ ರೋಗ ಬರಬಾರದೆಂದರೆ ಬೋರ್ಡೋ ಔಷಧಿಯ ಎರಡನೇ ಸುತ್ತು ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಕಲಸಲು ಸುಣ್ಣ ತಂದಿಟ್ಟು ದಿನಗಳಾದವು, ಮರ ಹತ್ತುವವರು ಮಳೆ ನೋಡಿ ವಾಪಸ್ ಹೋಗುತ್ತಿದ್ದಾರೆ. "ನೀವು ಬಂದು ಮಳೆ ನೋಡಿ ಹೋಗಿ. ಹೋಗುವಾಗ ಒಂದಿಷ್ಟು ತಗೊಂಡೂ ಹೋಗಿ" ಎಂದ. ಕರೆಂಟು ಎಂಟಕ್ಕೇ ಹೋಗಿತ್ತು. ಬೇಗ ಮಲಗಿದೆವು.

ಶನಿವಾರ: ಅಚ್ಚಕನ್ಯೆ, ನಗರ, ದೇವಗಂಗೆ

ಹೊಸನಗರದ ದಾರಿಯಲ್ಲಿ ಅರಳಸುರಳಿ ಹತ್ತಿರ ಅಚ್ಚಕನ್ಯೆ. ಅಂಬುತೀರ್ಥದಲ್ಲಿ ರಾಮ ಬಾಣ ಬಿಟ್ಟು ಚಿಮ್ಮಿಸಿದ ನೀರೇ ಶರಾವತಿ ಎಂದು ಐತಿಹ್ಯ. ಆ ಶರಾವತಿ ಇನ್ನೂ ಹಳ್ಳವಾಗಿರುವಾಗಲೇ ಧುಮುಕುವ ಜಾಗವಿದು. ಜೋಗದಲ್ಲಿ ಇದೇ ನೀರು ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕಾಗಿ ಬೀಳುತ್ತದೆ ಎಂದರೆ ಇಲ್ಲಿ ನಿಂತವರಿಗೆ ನಂಬಿಕೆ ಬರುವುದಿಲ್ಲ. ಇವತ್ತು ಮಾತ್ರ ನಂಬಬಹುದಿತ್ತು.

ಹತ್ತಿರ ಹೋಗಿ ರೀಲ್ಸ್ ಮಾಡೋಣ ಎಂದು ತಮ್ಮ ಹೊರಟ. ಬೇಡವೆಂದೆ, ಸ್ವಲ್ಪ ಜೋರಾಗಿಯೇ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿಯಲ್ಲಿ ಬಂಡೆ ಮೇಲೆ ನಿಂತು ವೀಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕನೊಬ್ಬ ಕಾಲು ಜಾರಿ ಹೋದದ್ದನ್ನು ನಾಡೇ ಮೊಬೈಲಿನಲ್ಲಿ ನೋಡಿದೆ. ಮಳೆಗಾಲದ ಹಳ್ಳದ ವಿಚಾರದಲ್ಲಿ ನಮ್ಮ ಊರವರು ಗಮನಿಸುವುದು ಮೂರನ್ನು. ನೀರಿನ ಬಣ್ಣ ಇದ್ದಕ್ಕಿದ್ದಂತೆ ಕೆಂಪಾಯಿತೇ, ತರಗೆಲೆ ಕಡ್ಡಿ ತೇಲಿ ಬರಲು ಶುರುವಾಯಿತೇ, ಸದ್ದು ದಪ್ಪವಾಯಿತೇ. ಮೂರರಲ್ಲಿ ಒಂದಾದರೂ ಸಾಕು, ದಡಕ್ಕೆ ಬರಬೇಕು. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಎಲ್ಲೋ ಸುರಿದಿರುತ್ತದೆ. ದೂರದಿಂದಲೇ ನೋಡಿ, ಒದ್ದೆಯಾಗಿ, ಹೊರಟೆವು. ಹೊಸನಗರದಲ್ಲಿ ಚಹಾ ಕುಡಿದದ್ದು ಬಿಟ್ಟರೆ ನಗರದ ತನಕ ಹೇಳುವಂಥದ್ದೇನೂ ಇಲ್ಲ. ಒಂದು ಕಡೆ ದರೆ ಜರಿದು ಅರ್ಧ ರಸ್ತೆ ಮಣ್ಣಾಗಿತ್ತು, ಜೆಸಿಬಿ ಬಂದಿತ್ತು.

ನಗರ ಎಂದರೆ ಬಿದನೂರು. ಕೋಟೆ ರಸ್ತೆಯ ಪಕ್ಕದಲ್ಲೇ, ಕಂದಕ ದಾಟಿ ಹೆಬ್ಬಾಗಿಲು ಹೊಕ್ಕರೆ ಹುಲ್ಲು ಮುಚ್ಚಿದ ದಿಬ್ಬ. ದರ್ಬಾರು ನಡೆಯುತ್ತಿದ್ದ ಜಗಲಿ, ಅಕ್ಕ ತಂಗಿ ಕೊಳ, ಸುತ್ತ ಕೊತ್ತಳಗಳು. ಕವಲೇದುರ್ಗದಂತೆ ಏದುಸಿರು ಬಿಡಬೇಕಾಗಿಲ್ಲ, ಆದ್ದರಿಂದ ಜನ ಹತ್ತು ನಿಮಿಷದಲ್ಲಿ ನೋಡಿ ಕೊಲ್ಲೂರಿಗೆ ಹೋಗಿಬಿಡುತ್ತಾರೆ. ನಮ್ಮನ್ನು ಮಳೆ ಬಿಡಲಿಲ್ಲ. ಬಾಗಿಲ ಕಾವಲು ಕೋಣೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡೆವು, ಅಲ್ಲಿ ಚರಿತ್ರೆ ಶುರುವಾಯಿತು.

ಕೇಳಿದವನು ಹುಬ್ಬಳ್ಳಿ ಹುಡುಗನೇ. "ಅಲ್ರೀ, ರಾಜಾ ಅಂದ್ಮ್ಯಾಗ ಛಲೋ ಬಯಲ ಸೀಮಿ ಬಿಟ್ಟು ಈ ಮಳ್ಯಾಗ ಯಾಕ್ ಬಂದು ಕುಂತಾನ್ರೀ?"

ಯಾಕೆಂದರೆ ಬಯಲಿನ ಅಂಚಿನಲ್ಲಿ ಇದ್ದು ನೋಡಿಯಾಗಿತ್ತು. ಕೆಳದಿಯಲ್ಲಿ ಶುರುವಾದ ಮನೆತನ ಇಕ್ಕೇರಿಗೆ ಬಂತು. ಅಲ್ಲಿ 1637ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬಂದು ಊರನ್ನು ಕೊಳ್ಳೆ ಹೊಡೆದ. ಅದರ ಬೆನ್ನಿಗೇ ರಾಜಧಾನಿ ಇಲ್ಲಿಗೆ, ಕಾಡಿನ ಒಳಗೆ, ಘಟ್ಟದ ಬಾಯಿಗೆ ಬಂತು. ಒಂದು ಕಡೆಯಿಂದ ಕರಿಮೆಣಸು, ಅಕ್ಕಿ ಕರಾವಳಿಯ ಬಂದರುಗಳಿಗೆ ಇಳಿಯುತ್ತದೆ. ಇನ್ನೊಂದು ಕಡೆ ಯಾರು ಬಂದರೂ ಕಾಡು ದಾಟಿಯೇ ಬರಬೇಕು. ಆಮೇಲೆ ಶಿವಪ್ಪ ನಾಯಕ ಇಲ್ಲಿ ಕೂತೇ ಭೂಮಿ ಅಳೆಸಿ ಶಿಸ್ತು ಎಂಬ ಕಂದಾಯ ವ್ಯವಸ್ಥೆ ತಂದ. ರಾಣಿ ಚೆನ್ನಮ್ಮ ಔರಂಗಜೇಬನ ಕೈಯಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದೂ ಈ ರಾಜ್ಯದಲ್ಲೇ.

ಅಲ್ಲಿ ಕೂತು ಒಂದೊಂದೇ ವರ್ಷ ಹೇಳುತ್ತಿದ್ದಾಗ ನನಗೇ ಒಂದು ಹೊಳೆಯಿತು. ಈ ಸೀಮೆಗೆ ಬಂದವರೆಲ್ಲ ಯಾವ ತಿಂಗಳಲ್ಲಿ ಬಂದರು? ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನನ್ನು ನೋಡಲು ಬಂದ. ಗೋವಾ ಬಿಟ್ಟದ್ದು ಅಕ್ಟೋಬರ್‌ನಲ್ಲಿ, ಹೊನ್ನಾವರ, ಗೇರುಸೊಪ್ಪೆ ಹಾದು ಘಟ್ಟ ಹತ್ತಿ ಇಕ್ಕೇರಿ ಮುಟ್ಟಿದ್ದು ನವೆಂಬರ್‌ನಲ್ಲಿ. ಹೈದರಾಲಿ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡದ್ದು 1763ರ ಮೊದಲ ತಿಂಗಳುಗಳಲ್ಲಿ. ಹೈದರನಗರ ಎಂದು ಹೆಸರಿಟ್ಟ, ಈಗಿನ ನಗರ ಅದರ ಬಾಲ. ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಟ್ಟ ಹತ್ತಿ ಇದೇ ಕೋಟೆಯನ್ನು ಹಿಡಿದದ್ದು 1783ರ ಜನವರಿಯಲ್ಲಿ. ಟಿಪ್ಪು ವಾಪಸ್ ಗೆದ್ದದ್ದು ಅದೇ ಏಪ್ರಿಲ್ ಕೊನೆಗೆ, ಮಳೆ ಹಿಡಿಯುವ ಮೊದಲು. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಬಾಗಿಲ ಮುಂದೆ ಯಾರೂ ಇಲ್ಲ. ಮಳೆಗಾಲದಲ್ಲಿ ಯುದ್ಧ ಮಾಡಲು ಹೋದರೆ ಏನಾಗುತ್ತದೆ ಎಂಬುದೂ ಅದೇ ವರ್ಷ ಗೊತ್ತಾಯಿತು. ನಗರ ಗೆದ್ದ ಟಿಪ್ಪು ಮೇ ತಿಂಗಳಲ್ಲಿ ಮಂಗಳೂರಿಗೆ ಇಳಿದು ಮುತ್ತಿಗೆ ಹಾಕಿದ, ಆ ಇಡೀ ಮಳೆಗಾಲ ಸೈನ್ಯ ಕೆಸರಿನಲ್ಲಿ ಕೂತಿತು, ಕೋಟೆ ಕೈಗೆ ಬಂದದ್ದು 1784ರ ಜನವರಿಯಲ್ಲಿ.

ಹೀಗೆಂದು ಯಾವ ನಾಯಕನೂ ಬರೆದಿಟ್ಟಿಲ್ಲ, ನಾನು ಕೂಡಿಸಿದ್ದು. ಆದರೆ ಮಲೆನಾಡಿನ ಕೋಟೆಗಳನ್ನು ಡಿಸೆಂಬರ್‌ನಲ್ಲಿ ನೋಡುವವನು ಅವನ್ನು ಶತ್ರುವಿನ ಕಣ್ಣಿಂದ ನೋಡುತ್ತಾನೆ ಎಂದು ಅಂದಿನಿಂದ ನನ್ನ ವಾದ. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆಗೆ ಕೆಲಸವೇ ಇಲ್ಲ, ಹಳ್ಳಗಳೇ ಕಾವಲು. ಕಲ್ಲು ಕೊರೆದು ಮಾಡಿದ ಕಾಲುವೆ, ತೂಬು, ಕೊಳಗಳೆಲ್ಲ ಆ ನಾಲ್ಕು ತಿಂಗಳ ಕಾವಲುಗಾರನಿಂದಲೇ ಕೋಟೆಯನ್ನು ಉಳಿಸಿಕೊಳ್ಳುವ ಉಪಾಯ. ತಮ್ಮ ಆಕಳಿಸಿದ. ಹುಡುಗಿ ಮಾತ್ರ, "ಹಾಗಾದ್ರೆ ಶತ್ರು ಬರದೇ ಇದ್ದಾಗ ಸೈನಿಕರು ಏನ್ ಮಾಡ್ತಿದ್ರು?" ಎಂದಳು. ನಟ್ಟಿ ಮಾಡುತ್ತಿದ್ದರೇನೋ.

ಮಳೆ ಸ್ವಲ್ಪ ತೆಳುವಾದಾಗ ದೇವಗಂಗೆಗೆ ಹೋದೆವು. ಅರಸು ಮನೆತನದವರು ಸ್ನಾನಕ್ಕೆಂದು ಕಟ್ಟಿಸಿದ ಕೊಳಗಳ ಸರಣಿ. ಗುಡ್ಡದ ತೊರೆಯ ನೀರು ಒಂದು ಕೊಳ ತುಂಬಿ ಮತ್ತೊಂದಕ್ಕೆ ಇಳಿಯುತ್ತದೆ. ಸುತ್ತ ತೋಟ, ಗದ್ದೆ, ಯಾರೂ ಇಲ್ಲ. ಇಷ್ಟು ಚೆಂದದ ಜಾಗಕ್ಕೆ ಇಷ್ಟು ಕಡಿಮೆ ಜನ ಬರುವುದು ನನಗೆ ಸಂತೋಷವೇ, ಬರೆಯಬಾರದಿತ್ತೇನೋ. ಹೊಳೆಯೆಲ್ಲ ಕೆಂಪಾಗಿರುವ ದಿನದಲ್ಲೂ ಇಲ್ಲಿಯ ನೀರು ತಳ ಕಾಣುವಷ್ಟು ತಿಳಿ. ಹುಬ್ಬಳ್ಳಿ ಹುಡುಗ ಕಾಲು ಇಳಿಬಿಟ್ಟು ಕೂತ, ಮೀನು ಮರಿಗಳು ಉಂಬಳ ಕಚ್ಚಿದ ಗಾಯವನ್ನು ಮುತ್ತಿಕೊಂಡವು.

ರಾತ್ರಿ ಸಂಪೇಕಟ್ಟೆಯಿಂದ ಒಳಗೆ ಒಂದು ಹೋಂಸ್ಟೇ. ಅಕ್ಕಿ ರೊಟ್ಟಿ, ಅಪ್ಪೆಮಿಡಿ. ಒದ್ದೆ ಶೂಗಳೊಳಗೆ ಹಳೇ ಪೇಪರ್ ತುರುಕಿ ಒಲೆಯ ಪಕ್ಕ ಇಡಿಸಿದೆ. ಒಣಗುವುದಿಲ್ಲ, ಬೆಚ್ಚಗಾಗುತ್ತವೆ.

ಭಾನುವಾರ: ಕೊಡಚಾದ್ರಿ

ಯೋಜನೆಯಂತೆ ಮರಕುಟುಕದಿಂದ ಹಿಡ್ಲುಮನೆ ಜಲಪಾತದ ಪಕ್ಕ ಹತ್ತಿ ಭಟ್ಟರ ಮನೆ ಸೇರಬೇಕಿತ್ತು. ಕಾಲುದಾರಿ ಜಲಪಾತದ ಮಗ್ಗುಲಲ್ಲೇ ಬಂಡೆ ಹಿಡಿದು ಏರುತ್ತದೆ, ಹಳ್ಳ ದಾಟಬೇಕು. ರಾತ್ರಿಯಿಡೀ ಹೆಂಚಿನ ಮೇಲೆ ಬಿದ್ದ ಸದ್ದು ಕೇಳಿಯೇ ನನಗೆ ಅರ್ಧ ನಿರ್ಧಾರ ಆಗಿತ್ತು, ಚೆಕ್‌ಪೋಸ್ಟಿನಲ್ಲಿದ್ದ ಅರಣ್ಯ ಕಾವಲುಗಾರರು ಉಳಿದರ್ಧ ಮಾಡಿದರು. "ಇವತ್ತು ಆ ಕಡ್ಗೆ ಬೇಡ ಸಾರ್." ಪಟ್ಟಿಯಲ್ಲಿ ಪ್ರತಿ ದಿನಕ್ಕೂ ಎರಡನೇ ದಾರಿ ಇಟ್ಟುಕೊಂಡದ್ದು ಇದಕ್ಕೇ. ಕಟ್ಟಿನಹೊಳೆ ಕಡೆಯಿಂದ ಜೀಪು.

ಆ ಜೀಪಿನ ದಾರಿಯನ್ನು ರಸ್ತೆ ಎನ್ನುವುದು ಉಪಚಾರಕ್ಕೆ. ಮಳೆ ಕೊರೆದ ಚರಂಡಿಯೊಳಗೆ ಚಕ್ರ, ಚಕ್ರದ ಅಡಿಗೆ ಉರುಳುವ ಕಲ್ಲು, ಒಂದು ಬದಿ ಕಾಡು, ಒಂದು ಬದಿ ಬರೀ ಬಿಳುಪು. ಜೀಪಿನವರು ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾ ಎಲೆಯಡಿಕೆ ಹಾಕುತ್ತಿದ್ದರು. ತಮ್ಮ ಮೊದಲ ತಿರುವಿನಲ್ಲೇ ಫೋನ್ ಜೇಬಿಗಿಟ್ಟು ಕಂಬಿ ಹಿಡಿದವನು ಮತ್ತೆ ಬಿಡಲಿಲ್ಲ. "ಎಷ್ಟು ವರ್ಷದಿಂದ ಓಡಿಸ್ತಿದೀರಿ?" ಎಂದು ಕೇಳಿದ್ದಕ್ಕೆ ಅವರು, "ಇದು ನಿನ್ನೆ ಇದ್ದ ರೋಡಲ್ಲ ಸಾರ್, ದಿನಾ ಹೊಸ್ತು" ಎಂದರು.

ಮೇಲೆ ಮೂಲಮೂಕಾಂಬಿಕೆಯ ಗುಡಿ, ಮುಂದೆ ಎತ್ತರದ ಕಬ್ಬಿಣದ ಕಂಬ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲವೆಂದು ನಂಬಿಕೆ. ಸಮುದ್ರದಿಂದ ನೇರ ಬಂದು ಬಡಿಯುವ ಗಾಳಿ ಮಳೆಗೆ ನನ್ನ ಸ್ಕೂಟರಿನ ಮಡ್‌ಗಾರ್ಡ್ ಎರಡು ವರ್ಷ ನಿಲ್ಲಲಿಕ್ಕಿಲ್ಲ, ಇದು ನಿಂತಿದೆ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡಿಗೆ. ಬೋಳು ಗುಡ್ಡ, ಹುಲ್ಲು, ಸಂದಿನಲ್ಲಿ ಶೋಲಾ ಕಾಡಿನ ತುಂಡು. ಗಾಳಿ ಎಷ್ಟಿತ್ತೆಂದರೆ ಮಳೆ ಕೆಳಗಿನಿಂದ ಮೇಲೆ ಬರುತ್ತಿತ್ತು. ಹುಡುಗಿಯ ಪೊಂಚೊ ಹರಿದು ಅರ್ಧ ಕೊಲ್ಲೂರಿನ ಕಡೆ ಹಾರಿತು. ಒಬ್ಬರ ಬ್ಯಾಗು ಒಬ್ಬರು ಹಿಡಿದುಕೊಂಡು, ಏಣಿನ ಮೇಲೆ ಬಗ್ಗಿ, ಗಾಳಿ ನಿಂತಾಗ ನಾಲ್ಕು ಹೆಜ್ಜೆ, ಬೀಸಿದಾಗ ಕೂರುವುದು. 1343 ಮೀಟರಿನ ತುದಿಯಲ್ಲಿ ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ಹೇಳುವ ಪುಟ್ಟ ಕಲ್ಲಿನ ಮಂಟಪ. ಒಳಗೆ ನುಗ್ಗಿ ನಿಂತೆವು. ಚಿತ್ರಮೂಲದ ಕಡೆ ಇಳಿಯುವ ಮಾತನ್ನು ಯಾರೂ ಎತ್ತಲಿಲ್ಲ.

ಒಂದು ಕ್ಷಣ ಮಂಜು ಹರಿಯಿತು. ಕೆಳಗೆ ಕಾಡು, ಕಾಡಿನ ಮೇಲೆ ಎಲ್ಲೆಲ್ಲೋ ಬಿಳಿ ಗೀರುಗಳು. ಯಾವ ಪಟ್ಟಿಯಲ್ಲೂ ಇಲ್ಲದ, ಹೆಸರೂ ಇಲ್ಲದ ಅಬ್ಬಿಗಳು, ಎಣಿಸುವಷ್ಟರಲ್ಲಿ ಮುಚ್ಚಿಹೋದವು. "ಅಣ್ಣಾ, ಕುಂಚಿಕಲ್ ಇದರಲ್ಲಿ ಯಾವುದು?" ಎಂದ ತಮ್ಮ. ಯಾವುದೂ ಅಲ್ಲ ಎಂದೆ.

ಭಟ್ಟರ ಮನೆಯಲ್ಲಿ ಬಿಸಿ ಅನ್ನ ಸಾರು ಉಂಡು ಎರಡೂವರೆಗೆ ಜೀಪು ಹತ್ತಿದೆವು. ಹೊಸನಗರ, ರಿಪ್ಪನ್‌ಪೇಟೆ, ಆಯನೂರು ದಾಟಿ ಬರುವಾಗ ಮಳೆ ಹಿಂದೆ ಉಳಿಯುತ್ತಾ ಬಂತು, ಆಯನೂರಿನಲ್ಲಿ ರಸ್ತೆ ಒಣಗಿತ್ತು. ದೊಡ್ಡಮ್ಮನ ಮನೆಗೆ ಫೋನ್ ಮಾಡಿದೆ. ಮಧ್ಯಾಹ್ನ ಮೂರು ತಾಸು ಹೊಳವಾಗಿ ಅಣ್ಣಯ್ಯ ಮೇಲಿನ ತೋಟಕ್ಕೆ ಔಷಧಿ ಹೊಡೆಸಿದನಂತೆ, ಕೆಳಗಿನದು ಬಾಕಿಯಂತೆ.

ಸ್ಟೇಷನ್ನಿನಲ್ಲಿ ರೈಲಿಗೆ ಸಮಯವಿತ್ತು. ಹುಬ್ಬಳ್ಳಿ ಹುಡುಗ ಜನವರಿಯಲ್ಲಿ ಮತ್ತೆ ಬರೋಣ, ಆಗ ಬಿಸಿಲಿರುತ್ತದೆ, ಕೋಟೆ ಪೂರ್ತಿ ಕಾಣುತ್ತದೆ ಎಂದ. ತಮ್ಮ ನನ್ನ ಮುಖ ನೋಡಿ, "ಬ್ಯಾಡಪಾ, ಹೈದರಾಲಿನೂ ಹಂಗೇ ಅಂದ್ಕೊಂಡಿದ್ದ" ಎಂದು ಅವನದೇ ಭಾಷೆಯಲ್ಲಿ ಹೇಳಿದ. ಕಾವಲು ಕೋಣೆಯಲ್ಲಿ ಆಕಳಿಸುತ್ತಾ ಕೇಳಿದ್ದ ಅನ್ನಬೇಕು. ಬೇಕಾದರೆ ಅಕ್ಟೋಬರ್ ಕೊನೆಗೆ ಬನ್ನಿ ಎಂದೆ. ಹಳ್ಳ ಇಳಿದಿರುತ್ತದೆ, ಉಣುಗು ಎದ್ದಿರುವುದಿಲ್ಲ, ಹಿಡ್ಲುಮನೆ ದಾರಿ ತೆರೆದಿದ್ದರೆ ಹತ್ತಬಹುದು. ಹುಡುಗಿ ಮೊಬೈಲ್ ತೆಗೆದು ದೀಪಾವಳಿ ರಜೆಗೆ ಸೀಟು ಇದೆಯೇ ಎಂದು ನೋಡಲು ಶುರುಮಾಡಿದಳು. ಬುಕಿಂಗ್ ಇನ್ನೂ ತೆರೆದೇ ಇರಲಿಲ್ಲ.